ಎನ್‌ಎಎನ್‌ಎ (ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ) ಎಂದು ಬರೆದ ಕಾಗದದಿಂದಲೇ ಪೆನ್ಷನ್: ಡಿಸೆಬಿಲಿಟಿ ಕ್ಲೇಮು, ನನ್ನ ಅನುಭವ

"ಬಿಪಿಗೆಲ್ಲ ಡಿಸೆಬಿಲಿಟಿ ಪೆನ್ಷನ್ ಸಿಗೂದಿಲ್ಲ ಬಿಡ್ರಿ, ಟರ್ಮ್ ಮುಗಿಸಿ ಬಂದವರಿಗಂತೂ ಆಗೂದೇ ಇಲ್ಲ." ಕಲಬುರಗಿ ಕಡೆ ನಾಲ್ಕು ಜನ ಮಾಜಿ ಸೈನಿಕರು ಕೂಡಿದಲ್ಲಿ ಈ ಮಾತು ಇದ್ದದ್ದೇ. ಈಗ ನನಗೆ ಸೇನಾ ಪೆನ್ಷನ್ ಪೋರ್ಟಲ್ ಸ್ಪರ್ಶ್‌ನಲ್ಲಿ ಕೊರಿಜೆಂಡಂ ಪಿಪಿಒ (ತಿದ್ದಿದ ಪೆನ್ಷನ್ ಆದೇಶ) ಬಂದಿದೆ. ಡಿಸೆಬಿಲಿಟಿ 30 ಪರ್ಸೆಂಟ್ ಇದ್ದದ್ದು 50ಕ್ಕೆ ರೌಂಡ್ ಆಗಿದೆ, ಅರಿಯರ್ಸ್ ಖಾತೆಗೆ ಬಿದ್ದಿದೆ. ಆಗೂದಿಲ್ಲ ಅಂದವರೇ ಈಗ ಫೈಲ್ ಹಿಡಿದುಕೊಂಡು ಕೇಳುತ್ತಿದ್ದಾರೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಡಿಸ್ಚಾರ್ಜ್ ಬುಕ್ ಯಾವುದು, ಶೇಪ್ ಕೆಟಗರಿ (ವೈದ್ಯಕೀಯ ದರ್ಜೆ) ಅಂದರೇನು ಎಂದು ನಿಮಗೆ ಹೇಳಿಕೊಡಬೇಕಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿರುವುದು 21-9-2023ಕ್ಕಿಂತ ಮುಂಚೆ ನಿವೃತ್ತರಾದವರಿಗೆ. ಆಮೇಲೆ ಬಂದವರಿಗೆ ಹೊಸ ಎಂಟೈಟಲ್‌ಮೆಂಟ್ ರೂಲ್ಸ್ ಇವೆ, ಇಂಪೇರ್‌ಮೆಂಟ್ ರಿಲೀಫ್ ಅಂತ ಲೆಕ್ಕವೇ ಬೇರೆ.

ನಮ್ಮವರು ಬಹಳ ಮಂದಿ ಎಡವುವುದು ಶುರುವಿನಲ್ಲೇ. ರಿಜೆಕ್ಷನ್ ಲೆಟರ್ ಬಂದ ಕೂಡಲೇ ಸಿಟ್ಟಿನಲ್ಲಿ ಸೇನೆಯ ದಾಖಲೆ ಕಚೇರಿ ರೆಕಾರ್ಡ್ಸ್‌ಗೆ ಅರ್ಜಿ ಬರೆಯುತ್ತಾರೆ: ಇಷ್ಟು ವರ್ಷ ಸೇವೆ ಮಾಡಿದೆ, ಗಡಿಯಲ್ಲಿ ಚಳಿಯಲ್ಲಿ ನಿಂತೆ, ಈಗ ಗುಳಿಗೆ ಮೇಲೆ ಬದುಕಿದ್ದೇನೆ ಎಂದು. ಅದಕ್ಕೆ ಬರುವ ಉತ್ತರ ಅಚ್ಚಿನಲ್ಲಿ ಹೊಯ್ದ ಹಾಗೆ ಒಂದೇ ಇರುತ್ತದೆ. ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ದೂರು ಹಾಕಿದರೆ ಅದು ತಿರುಗಿ ಅದೇ ರೆಕಾರ್ಡ್ಸ್ ಟೇಬಲ್‌ಗೆ ಹೋಗಿ, ಅದೇ ಪತ್ರದ ಪ್ರತಿ ಅಂಟಿಸಿ ಕ್ಲೋಸ್ ಮಾಡುತ್ತಾರೆ. ಪೆನ್ಷನ್ ಅದಾಲತ್ ತಪ್ಪು ಲೆಕ್ಕ, ನಿಂತ ಪೆನ್ಷನ್, ಹೆಸರಿನ ದೋಷ ಇಂಥವಕ್ಕೆ ಒಳ್ಳೆಯದು. ಮೆಡಿಕಲ್ ಬೋರ್ಡಿನ ಅಭಿಪ್ರಾಯ ತಿದ್ದುವುದು ಅದರ ಕೈಯಲ್ಲಿಲ್ಲ. ಈ ಮೂರೂ ದಾರಿ ನೋಡಿ ಆಗಿದೆ. ವರ್ಷ ಒಂದೂವರೆ ವರ್ಷ ಹೋಗುತ್ತದೆ, ಕೈಗೆ ಏನೂ ಬರುವುದಿಲ್ಲ.

ಮೊದಲು ಬೇಕಾದದ್ದು ನಿವೃತ್ತಿಯ ಹೊತ್ತಿಗೆ ತಪಾಸಣೆ ಮಾಡಿದ ರಿಲೀಸ್ ಮೆಡಿಕಲ್ ಬೋರ್ಡಿನ ಪೂರ್ತಿ ಪ್ರತಿ, ಅಂದರೆ ಎಎಫ್‌ಎಂಎಸ್‌ಎಫ್-16. ಎಲ್ಲ ಪುಟವೂ ಬೇಕು. ಅದರ ಜೊತೆ ಕೆಟಗರಿ ಇಳಿದಾಗಿನ ಎಎಫ್‌ಎಂಎಸ್‌ಎಫ್-15ಗಳು, ಭರ್ತಿ ಆದಾಗಿನ ಮೆಡಿಕಲ್, ಗಾಯದ ಕೇಸಾದರೆ ಗಾಯದ ವರದಿ ಐಎಎಫ್‌ವೈ-2006 ಮತ್ತು ಕೋರ್ಟ್ ಆಫ್ ಎನ್‌ಕ್ವೈರಿ ಕಾಗದ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿದರೆ ಇದೆಲ್ಲ ಬರುತ್ತದೆ, ಪ್ರತಿಯ ಖರ್ಚು ಬೇರೆ. ನಿಮ್ಮದೇ ದಾಖಲೆ, ಕೊಡುವುದಿಲ್ಲ ಎನ್ನಲು ಅವರಿಗೆ ಕಾರಣವಿಲ್ಲ. ಅರ್ಜಿಯಲ್ಲಿ 'ಓದಲು ಬರುವಂಥ ದೃಢೀಕೃತ ಪ್ರತಿ' ಎಂದು ಕಡ್ಡಾಯ ಬರೆಯಿರಿ. ಇಲ್ಲದಿದ್ದರೆ ಡಾಕ್ಟರ ಕೈಬರಹದ ಮೇಲೆ ಕರಿ ನೆರಳು ಬಿದ್ದ ಜೆರಾಕ್ಸ್ ಬರುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಅಲ್ಲಿಗೆ ಸಾಮಾನ್ಯವಾಗಿ ಕಾಗದ ಹೊರಬೀಳುತ್ತದೆ. ಶುಲ್ಕದ ಪೋಸ್ಟಲ್ ಆರ್ಡರ್ ಸಣ್ಣ ಅಂಚೆ ಕಚೇರಿಯಲ್ಲಿ ಹುಡುಕುತ್ತ ಕೂಡಬೇಡಿ, ಹೆಡ್ ಆಫೀಸಿಗೇ ಹೋಗಿ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಸ್ಪೀಡ್ ಪೋಸ್ಟ್ ರಸೀದಿಯನ್ನು ಅರ್ಜಿಯ ಪ್ರತಿಗೇ ಪಿನ್ ಮಾಡಿ, ಟ್ರ್ಯಾಕಿಂಗ್ ಪುಟ ಪ್ರಿಂಟ್ ತೆಗೆದಿಡಿ. ಮುಂದೆ ಸೇನೆಯವರ ಕೇಸು ನೋಡುವ ಟ್ರಿಬ್ಯೂನಲ್‌ನಲ್ಲಿ ಬೇಕಾಗುತ್ತದೆ.

ಸೇನೆಯ ಇಎಂಇ, ಎಒಸಿ ವಿಭಾಗದ ಮಂದಿಗೆ ಅನುಕೂಲ, ರೆಕಾರ್ಡ್ಸ್ ಸಿಕಂದರಾಬಾದಿನಲ್ಲೇ. ಬೀದರಿನವರು ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಎಂಇಜಿಯವರಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಮರಾಠಾದವರಿಗೆ ಬೆಳಗಾವಿ. ಆರ್ಟಿಲರಿಯವರು ನಾಸಿಕ್ ರೋಡ್, ಸಿಗ್ನಲ್ಸ್‌ನವರು ಜಬಲ್ಪುರ ಎಂದು ಅಲೆಯಬೇಕಾಗಿಲ್ಲ, ಅಂಚೆ ಸಾಕು. ಖುದ್ದು ಹೋದರೆ ಬಾಯಿಮಾತಿನ ಉತ್ತರ ಸಿಗುತ್ತದೆ, ಬಾಯಿಮಾತು ಫೈಲಿಗೆ ಹಚ್ಚಲು ಬರುವುದಿಲ್ಲ.

ಈಗ ಆ ಎಎಫ್‌ಎಂಎಸ್‌ಎಫ್-16 ಬಿಚ್ಚಿ ಟೇಬಲ್ ಮೇಲೆ ಹರವಿ. ಮುಂದಿನ ಭಾಗದಲ್ಲಿ ಸೇವೆಯ ಪಟ್ಟಿ ಇರುತ್ತದೆ: ಇಂಥ ದಿನದಿಂದ ಇಂಥ ದಿನದವರೆಗೆ, ಇಂಥ ಜಾಗ, ಪಕ್ಕದಲ್ಲಿ ಪೀಸ್ (ಶಾಂತ ಠಾಣೆ) ಅಥವಾ ಫೀಲ್ಡ್ (ಗಡಿ, ಕಾರ್ಯಾಚರಣೆಯ ಜಾಗ). ಇನ್ನೊಂದು ಕಡೆ ಕಾಯಿಲೆ ಮೊದಲು ಕಂಡ ದಿನ ಮತ್ತು ಜಾಗ. ಹಿಂದಿನ ಪುಟಗಳಲ್ಲಿ ಬೋರ್ಡಿನ ಅಭಿಪ್ರಾಯ. 'ಈ ಡಿಸೆಬಿಲಿಟಿ ಸೇವೆಗೆ ಸೇರುವ ಮುಂಚೆ ಇತ್ತೇ?' ಎಂಬ ಪ್ರಶ್ನೆಗೆ ಅವರೇ 'ನೋ' ಎಂದು ಬರೆದಿರುತ್ತಾರೆ. ಸೇವೆಯಿಂದ ಬಂತೇ, ನೋ. ಸೇವೆಯಿಂದ ಉಲ್ಬಣಿಸಿತೇ, ನೋ. ಸೇವೆಗೆ ಸಂಬಂಧವೇ ಇಲ್ಲವೇ, ಯೆಸ್. ಕಾರಣದ ಕಾಲಮ್ಮಿನಲ್ಲಿ ಒಂದೂವರೆ ಸಾಲು: ಪೀಸ್ ಸ್ಟೇಷನ್‌ನಲ್ಲಿ ಶುರುವಾಗಿದೆ, ವೈದ್ಯರ ಕೈಪಿಡಿಯ ಪ್ಯಾರಾ 43 ನೋಡಿ. ಕೆಳಗೆ ಪರ್ಸೆಂಟೇಜ್ 30, ಜೀವನಪೂರ್ತಿ. ಅದರ ಪಕ್ಕದ ಕೊನೆಯ ಕಾಲಮ್ಮಿನಲ್ಲಿ, ಪೆನ್ಷನ್‌ಗೆ ಅರ್ಹವಾದ ನೆಟ್ ಅಸೆಸ್‌ಮೆಂಟ್: ನಿಲ್. ಇಡೀ ರಿಜೆಕ್ಷನ್ ನಿಂತಿರುವುದು ಆ ಒಂದೂವರೆ ಸಾಲಿನ ಮೇಲೆ. ಕೆಡವಬೇಕಾದದ್ದು ಅದನ್ನೇ, ಬೇರೆ ಯಾವುದಕ್ಕೂ ಕೈಹಾಕಬೇಡಿ.

ಕೆಡವುವುದು ಹೀಗೆ. ಧರಮ್‌ವೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ: ಭರ್ತಿಯಾಗುವಾಗ ಕಾಯಿಲೆಯ ನೋಟ್ ಇಲ್ಲದಿದ್ದರೆ ಸದೃಢನಾಗಿಯೇ ಸೇರಿದ ಎಂದು ತಿಳಿಯಬೇಕು, ಆಮೇಲೆ ಆರೋಗ್ಯ ಕೆಟ್ಟರೆ ಸೇವೆಯಿಂದ ಕೆಟ್ಟಿತು ಎಂದೇ ಊಹಿಸಬೇಕು, ಅಲ್ಲ ಎನ್ನುವ ಹೊರೆ ಸರ್ಕಾರದ್ದು, ಬೋರ್ಡು ಕಾರಣ ಬರೆಯಬೇಕು. 2015ರ ರಾಜ್‌ಬೀರ್ ಸಿಂಗ್ ತೀರ್ಪು ಅದನ್ನೇ ಗಟ್ಟಿ ಮಾಡಿತು. 'ಪೀಸ್ ಸ್ಟೇಷನ್' ಎಂಬುದು ಜಾಗದ ಹೆಸರಾಯಿತೇ ಹೊರತು ಕಾರಣವಾಗಲಿಲ್ಲ. ಇದರ ಜೊತೆಗೆ ಒಂದು ಪಟ್ಟಿ ಮಾಡಿಕೊಳ್ಳಿ: ಎಡಕ್ಕೆ ಪೋಸ್ಟಿಂಗ್ ಜಾಗ, ನಡುವೆ ದಿನಾಂಕ, ಬಲಕ್ಕೆ ಎಂಐ ರೂಮ್ (ಯೂನಿಟ್ಟಿನ ದವಾಖಾನೆ) ಅಥವಾ ಆಸ್ಪತ್ರೆಯ ದಾಖಲೆ. ಫೀಲ್ಡಿನಿಂದ ಇಳಿದು ಪೀಸ್‌ಗೆ ಬಂದ ಮೇಲೆ ಆ್ಯನುಯಲ್ ಮೆಡಿಕಲ್‌ನಲ್ಲಿ ಬಿಪಿ ಸಿಕ್ಕಿತು ಎಂದಿಟ್ಟುಕೊಳ್ಳಿ. ಸಿಕ್ಕಿದ ದಿನ ಬೇರೆ, ಶುರುವಾದ ದಿನ ಬೇರೆ, ಅದಕ್ಕೂ ಹಿಂದಿನ ಫೀಲ್ಡ್ ಅವಧಿ ಬೇರೆ. ಈ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸಬೇಕು. ಆ ಕೈಪಿಡಿ, ಗೈಡ್ ಟು ಮೆಡಿಕಲ್ ಆಫೀಸರ್ಸ್‌ನಲ್ಲಿ ಬಿಪಿಗೆ ಪ್ಯಾರಾ 43, ಶುಗರ್‌ಗೆ 26, ಹೃದಯಕ್ಕೆ 47. ಹೃದಯದ ಕೇಸಿನಲ್ಲಿ ಆ ಹೊತ್ತಿನ 14 ದಿನದ ಡ್ಯೂಟಿ ಚಾರ್ಟರ್ (ಮಾಡಿದ ಕೆಲಸದ ಪಟ್ಟಿ) ಕೇಳುತ್ತಾರೆ, ಯೂನಿಟ್ ಕೊಟ್ಟಿದೆಯೋ ಇಲ್ಲವೋ ನೋಡಿಕೊಳ್ಳಿ. ಅಪೀಲಿನಲ್ಲಿ ಯಾವ ದಿನಾಂಕವನ್ನು ಮೊದಲ ಪ್ಯಾರಾದಲ್ಲಿ ಇಡಬೇಕು ಎಂಬುದರಲ್ಲಿ ಒಂದು ಕೈಚಳಕವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರಿಗೆ ಕೂತು ಚಹಾ ಕುಡಿದರೆ ಹೇಳುತ್ತೇನೆ.

2008ರ ಎಂಟೈಟಲ್‌ಮೆಂಟ್ ರೂಲ್ಸ್ ಅನ್ವಯವಾಗುವವರಿಗೆ ಒಂದು ಎಚ್ಚರಿಕೆ. ಡಿಸ್ಚಾರ್ಜ್ ಆಗಿ 15 ವರ್ಷ ದಾಟಿದ ಮೇಲೆ ಕ್ಲೇಮ್ ಹಾಕಿದರೆ ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಪೆನ್ಷನ್ ಇಲ್ಲದೆ ಮನೆಗೆ ಬಂದವರ ದಾಖಲೆಯನ್ನು 25 ವರ್ಷದ ನಂತರ ರೆಕಾರ್ಡ್ಸ್‌ನವರು ನಾಶ ಮಾಡುತ್ತಾರೆ. ಅಂಥವರು ಇವತ್ತೇ ಅರ್ಜಿ ಹಾಕಬೇಕು.

ಪರ್ಸೆಂಟಿನ ಜಗಳ ಬಹಳ ಮಂದಿ ಸುಮ್ಮನೆ ಆಡುತ್ತಾರೆ. ರೌಂಡಿಂಗ್ ಲೆಕ್ಕ ಹೀಗೆ: 50ಕ್ಕಿಂತ ಕಡಿಮೆ ಎಷ್ಟಿದ್ದರೂ 50, 50ರಿಂದ 75ರವರೆಗೆ 75, 76ರಿಂದ ಮೇಲೆ 100. 20 ಇದ್ದರೂ 50, 40 ಇದ್ದರೂ 50. ಹಾಗಿದ್ದಾಗ 30 ಅನ್ನು 40 ಮಾಡಿಸಲು ಯಾಕೆ ಒದ್ದಾಡಬೇಕು? ಒದ್ದಾಡಿದರೆ ಮೂರೇ ಕಡೆ ಲಾಭ: 20ರ ಗಡಿ, 50ರ ಗಡಿ, 76ರ ಗಡಿ. ಎರಡು ಮೂರು ಕಾಯಿಲೆ ಇದ್ದು ಕಾಂಪೋಸಿಟ್ (ಎಲ್ಲ ಕೂಡಿದ ಪರ್ಸೆಂಟ್) 40ರ ಮೇಲೆ ಇದ್ದರೆ, ಬೋರ್ಡು ಕೂಡಿಸಿದ ರೀತಿ ಸರಿ ಇದೆಯೇ ನೋಡಿ. 50 ಮುಟ್ಟಿದರೆ ನೇರ 75. ಈ ರೌಂಡಿಂಗ್ 31-1-2001ರ ಪತ್ರದಲ್ಲಿ ಇನ್‌ವ್ಯಾಲಿಡ್ ಔಟ್ ಆದವರಿಗೆ (ಅನಾರೋಗ್ಯದಿಂದ ಟರ್ಮ್ ಮುಗಿಯುವ ಮುಂಚೆಯೇ ಮನೆಗೆ ಬಂದವರಿಗೆ) ಮಾತ್ರ ಇತ್ತು. 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪು ಟರ್ಮ್ ಮುಗಿಸಿದವರಿಗೂ ಬಾಗಿಲು ತೆರೆಯಿತು. ಇನ್ನೂ ಬರೇ 20 ಪರ್ಸೆಂಟೇ ಎಣಿಸಿಕೊಳ್ಳುತ್ತಿರುವ ಹಳೆಯ ಹವಾಲ್ದಾರರು ಯಾದಗಿರಿ, ಸುರಪುರ ಕಡೆ ಇದ್ದಾರೆ. ಅವರ ಕೇಸು ಎಲ್ಲಕ್ಕಿಂತ ಹಗುರ. ಆದರೆ 20ಕ್ಕಿಂತ ಕಡಿಮೆ ಇದ್ದು ಟರ್ಮ್ ಮುಗಿಸಿದವರಿಗೆ ದಾರಿ ಇಲ್ಲ, 2019ರಲ್ಲಿ ಸುಪ್ರೀಂ ಕೋರ್ಟು ಖಂಡತುಂಡ ಹೇಳಿದೆ. ಇನ್‌ವ್ಯಾಲಿಡ್ ಆಗಿ ಬಂದವರಿಗೆ ಬೇರೆ ಮಾತು. ಅವರದು 20ರ ಒಳಗಿದ್ದರೂ 20ರ ಮೇಲೆಂದೇ ಹಿಡಿಯಬೇಕು ಎಂದು ಸುಖ್‌ವಿಂದರ್ ಸಿಂಗ್ ತೀರ್ಪು ಇದೆ.

ನಡುವೆ ಒಂದು ಪ್ರಯೋಗವೂ ಆಯಿತು. ಹೈದರಾಬಾದಿನ ಖಾಸಗಿ ಆಸ್ಪತ್ರೆಯಲ್ಲಿ ಎಕೋ, 24 ತಾಸಿನ ಬಿಪಿ ಮಾನಿಟರ್, ಕಿಡ್ನಿ ಟೆಸ್ಟು ಎಲ್ಲ ಮಾಡಿಸಿ ಅಪೀಲಿಗೆ ಹಚ್ಚಿದ್ದು. ಆರೇಳು ಸಾವಿರ ಹೋಯಿತು, ಒಂದು ಸಾಲೂ ಯಾರೂ ಓದಲಿಲ್ಲ. ಎಣಿಕೆಗೆ ಬರುವುದು ರಿಲೀಸ್ ಆದ ದಿನದ ಸ್ಥಿತಿ. ಜಿಲ್ಲಾ ಆಸ್ಪತ್ರೆಯ ಅಂಗವಿಕಲ ಪ್ರಮಾಣಪತ್ರವೂ ಹಾಗೆಯೇ. ಯುಡಿಐಡಿ ಕಾರ್ಡು ಬಸ್ ಪಾಸಿಗೆ, ಬೇರೆ ಸರ್ಕಾರಿ ಸೌಲಭ್ಯಕ್ಕೆ ಉಪಯೋಗ, ಅಲ್ಲಿ 40 ಪರ್ಸೆಂಟಿನ ಗಡಿ. ಸೇನೆಯ ಲೆಕ್ಕಕ್ಕೂ ಅದಕ್ಕೂ ಗಂಟು ಹಾಕಬೇಡಿ.

ಗಾಯದ ಕೇಸಿನವರು ಐಎಎಫ್‌ವೈ-2006 ಇಲ್ಲ ಎಂದು ಕೈಚೆಲ್ಲುತ್ತಾರೆ. ಆಸ್ಪತ್ರೆಗೆ ಸೇರಿಸಿದ ದಿನದ ಕೇಸ್ ಶೀಟಿನಲ್ಲಿ 'ಪಿಟಿ ಮಾಡುವಾಗ ಬಿದ್ದ' ಎಂದು ಒಂದು ಸಾಲಿದ್ದರೂ ಆಧಾರ ಸಿಕ್ಕಿತು. ರಜೆಯ ಮೇಲೆ ಊರಿಗೆ ಬರುವ ದಾರಿಯಲ್ಲಿ ಆದ ಅಪಘಾತ ನಡೆಯುತ್ತದೆ. ಊರಿಗೆ ಬಂದು ಮುಟ್ಟಿದ ಮೇಲೆ ಜಾತ್ರೆಗೆ ಹೋಗುವಾಗ ಬೈಕಿನಿಂದ ಬಿದ್ದರೆ ನಡೆಯುವುದಿಲ್ಲ. ಗನ್ನರ್‌ಗಳ ಕಿವಿಯ ಕೇಸಿಗೆ ಆಡಿಯೋಗ್ರಾಂ ದಿನಾಂಕವೇ ಜೀವ.

ಫಸ್ಟ್ ಅಪೀಲು ರೆಕಾರ್ಡ್ಸ್ ಮೂಲಕ, ರಿಜೆಕ್ಷನ್ ಆಗಿ ಆರು ತಿಂಗಳೊಳಗೆ. ಅದೂ ಬಿದ್ದರೆ ಸೆಕೆಂಡ್ ಅಪೀಲು, ಮತ್ತೆ ಆರು ತಿಂಗಳೊಳಗೆ. ಬಹುತೇಕ ಎರಡೂ ಬೀಳುತ್ತವೆ, ಬೀಳಲಿ. ಅಪೀಲು ಕೊಟ್ಟು ಆರು ತಿಂಗಳು ಉತ್ತರವೇ ಇಲ್ಲದಿದ್ದರೆ ಟ್ರಿಬ್ಯೂನಲ್ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮುಂದೆ ಹೋಗಬಹುದು. ಕಲಬುರಗಿಯಲ್ಲೇ ಹೈಕೋರ್ಟ್ ಪೀಠ ಇದೆಯಲ್ಲ, ಅಲ್ಲೇ ರಿಟ್ ಹಾಕೋಣ ಎನ್ನುವವರಿದ್ದಾರೆ. ಒಬ್ಬ ವಕೀಲರು ಹಾಗೆಯೇ ಹೇಳಿ ಸುಮಾರು ಹತ್ತು ಸಾವಿರ ಇಸಕೊಂಡು ತಿಂಗಳುಗಟ್ಟಲೆ ಕಾಯಿಸಿದರು. ಮೊದಲು ಹೋಗಬೇಕಾದದ್ದು ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್‌ಗೆ, ಕರ್ನಾಟಕದವರಿಗೆ ಕೊಚ್ಚಿ ಬೆಂಚು. ದೂರ ಎನ್ನಬೇಡಿ, ಪುಣೆ–ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಕಲಬುರಗಿ, ಯಾದಗಿರಿ ಮೇಲೆಯೇ ಎರ್ನಾಕುಲಂಗೆ ಹೋಗುತ್ತದೆ. ವಕಾಲತ್ತಿಗೆ ಸಹಿ ಹಾಕಿ ಕಾಗದ ಕಳಿಸಿದ ಮೇಲೆ ಪ್ರತಿ ತಾರೀಖಿಗೂ ಹೋಗುವ ಗರಜೂ ಇಲ್ಲ.

ದುಡ್ಡಿನ ಮಾತು. ವಕೀಲರ ಫೀ 25ರಿಂದ 40 ಸಾವಿರದ ನಡುವೆ ಚೌಕಾಸಿ ಆಗುತ್ತದೆ, ಜೆರಾಕ್ಸು, ನೋಟರಿ, ಟೈಪಿಂಗು, ಕೊರಿಯರ್ ಸೇರಿ ಇನ್ನೊಂದು ನಾಲ್ಕೈದು ಸಾವಿರ. ಅರಿಯರ್ಸಿನಲ್ಲಿ ನೂರಕ್ಕೆ ಇಪ್ಪತ್ತೈದು ಕೊಡಿ ಎನ್ನುವ ಏಜೆಂಟರು ಬರುತ್ತಾರೆ, ಚಹಾ ಕುಡಿಸಿ ಕಳಿಸಿಬಿಡಿ. ಬರುವ ಲೆಕ್ಕ ನೋಡಿ: ನೂರು ಪರ್ಸೆಂಟಿಗೆ ಡಿಸೆಬಿಲಿಟಿ ಎಲಿಮೆಂಟ್ ಕೊನೆಯ ಸಂಬಳದ 30 ಪರ್ಸೆಂಟ್. ಕೊನೆಯ ಸಂಬಳ 40,000 ಇದ್ದರೆ ನೂರಕ್ಕೆ 12,000, ಐವತ್ತಕ್ಕೆ 6,000. ಮೂರು ವರ್ಷಕ್ಕೆ 2,16,000, ಅದರ ಮೇಲೆ ಡಿಆರ್ (ತುಟ್ಟಿಭತ್ಯೆ). ಮೂರು ವರ್ಷ ಯಾಕೆಂದರೆ 2008ರ ತರ್ಸೇಮ್ ಸಿಂಗ್ ತೀರ್ಪು: ತಡವಾಗಿ ಬಂದರೂ ಕೇಸು ನಿಲ್ಲುತ್ತದೆ, ಆದರೆ ಬಾಕಿ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರೇ ವರ್ಷ. 'ಮುಂದಿನ ದೀಪಾವಳಿ ಆದಮೇಲೆ ನೋಡೋಣ' ಎಂದವರು ತಿಂಗಳಿಗೆ ಆರು ಸಾವಿರ ಚರಂಡಿಗೆ ಹಾಕಿದಂತೆ.

ಆರ್ಡರ್ ಬಂತೆಂದು ಪೇಡಾ ಹಂಚಬೇಡಿ. ಕೊಟ್ಟ ಗಡುವು ಮುಗಿಯುತ್ತದೆ, ಫೈಲು ಲೀಗಲ್ ಸೆಲ್‌ನಲ್ಲಿ ಮಲಗಿರುತ್ತದೆ. ಗಡುವು ದಾಟಿದ ವಾರವೇ 29ನೇ ಸೆಕ್ಷನ್ ಅಡಿ ಎಕ್ಸಿಕ್ಯೂಷನ್ ಅರ್ಜಿ ಹಾಕಿಸಿ, ಅದರ ನೋಟಿಸ್ ಹೋದ ಮೇಲೆಯೇ ಫೈಲು ಏಳುವುದು. ಆಮೇಲೆ ನಮ್ಮ ಕಡೆಯವರನ್ನೇ ಹಿಡಿಯುವ ಒಂದು ತೊಂದರೆ ಹೆಸರಿನದು. ಸೇನೆಯ ಸೇವಾ ದಾಖಲೆ ಶೀಟ್ ರೋಲ್‌ನಲ್ಲಿ ಶರಣಪ್ಪ, ಆಧಾರಿನಲ್ಲಿ ಶರಣಬಸಪ್ಪ ತಂದೆ ಭೀಮಶಾ, ಬ್ಯಾಂಕಿನಲ್ಲಿ ಅಡ್ಡಹೆಸರು ಸೇರಿಸಿ ಮತ್ತೊಂದು. ಶಹಾಪುರ, ಸುರಪುರದವರ ಹಳೆಯ ಡಿಸ್ಚಾರ್ಜ್ ಬುಕ್ಕಿನಲ್ಲಿ ಜಿಲ್ಲೆ ಗುಲಬರ್ಗಾ, ಈಗ ಯಾದಗಿರಿ. ಜಿಲ್ಲೆಯ ಹೆಸರಿಗೆ ವಿಳಾಸದ ಪುರಾವೆ ಸಾಕಾಗುತ್ತದೆ. ವ್ಯಕ್ತಿಯ ಹೆಸರಿಗೆ ಆಧಾರನ್ನು ಶೀಟ್ ರೋಲ್‌ಗೆ ಹೊಂದಿಸುವುದು ಸಸಾರ, ಶೀಟ್ ರೋಲ್ ತಿದ್ದಿಸುವುದು ಉದ್ದನೆಯ ಕೆಲಸ. ಕೇಸು ನಡೆದಿರುವಾಗಲೇ ಇದನ್ನು ಮುಗಿಸಿಕೊಳ್ಳಿ. ಜೀವನ್ ಪ್ರಮಾಣ್ (ಬದುಕಿರುವ ಪ್ರಮಾಣಪತ್ರ) ತಪ್ಪಿಸಬೇಡಿ, ಅದು ನಿಂತರೆ ಇದ್ದ ಪೆನ್ಷನ್ನೂ ನಿಲ್ಲುತ್ತದೆ.

ಕೊರಿಜೆಂಡಂ ಬಂದ ದಿನ ಕ್ಯಾಲ್ಕುಲೇಟರ್ ಹಿಡಿದು ಕೂಡಿ. ಕೊನೆಯ ಸಂಬಳ ಎಂದರೆ ಬೇಸಿಕ್ ಒಂದೇ ಅಲ್ಲ. ಎಂಎಸ್‌ಪಿ (ಮಿಲಿಟರಿ ಸರ್ವಿಸ್ ಪೇ), ಎಕ್ಸ್ ಗ್ರೂಪ್ ಪೇ ಇದ್ದರೆ ಅದು, ಕ್ಲಾಸಿಫಿಕೇಷನ್ ಅಲೋಯನ್ಸ್, ಎಲ್ಲ ಸೇರಬೇಕು. 2016ರ ನಂತರ ಬಂದ ಜೆಸಿಒ, ಜವಾನರಿಗೆ ಎಂಎಸ್‌ಪಿ 5,200. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಐವತ್ತು ಪರ್ಸೆಂಟಿನಲ್ಲಿ ತಿಂಗಳಿಗೆ 780 ರೂಪಾಯಿ ಕಡಿಮೆ, ಡಿಆರ್ ಬೇರೆ. ಇಂಥ ತಪ್ಪಿಗೆ ಮಾತ್ರ ಪೆನ್ಷನ್ ಅದಾಲತ್ತಿಗೆ ಹೋಗಿ, ಅಲ್ಲಿ ಬೇಗ ಸರಿಯಾಗುತ್ತದೆ.