ಹಳ್ಳದ ನೀರಿನ ತಾಪಮಾನ: ಮಧ್ಯಾಹ್ನದ ಸುಳ್ಳು ಏರಿಕೆ ನಿಂತದ್ದು ಹೀಗೆ

ತೀರ್ಥಹಳ್ಳಿ ಕಡೆ ತುಂಗೆಯನ್ನು ಸೇರುವ ಸಣ್ಣ ಹಳ್ಳವೊಂದರಲ್ಲಿ ನೀರಿನ ತಾಪಮಾನ ದಾಖಲಿಸಲು ಡಿಎಸ್18ಬಿ20 ಸೆನ್ಸರ್ ಇಟ್ಟಿದ್ದೇನೆ. ಬೇಸಿಗೆ ಶುರುವಾದೊಡನೆ ಮಧ್ಯಾಹ್ನದ ಅಂಕಿಗಳು ಚೂಪಾಗಿ ಏರಿ, ಮೋಡ ಕವಿದ ಕೂಡಲೇ ಇಳಿಯತೊಡಗಿದವು. ಹರಿಯುವ ನೀರು ಅಷ್ಟು ಬೇಗ ಕಾಯುವುದೂ ಇಲ್ಲ, ತಣಿಯುವುದೂ ಇಲ್ಲ.

ಮೊದಲು ಸೆನ್ಸರನ್ನೇ ಪರೀಕ್ಷಿಸಿದೆ. ಥರ್ಮಾಸ್‌ನಲ್ಲಿ ಪುಡಿ ಮಾಡಿದ ಮಂಜುಗಡ್ಡೆ ಮತ್ತು ನೀರನ್ನು ಕಲಕಿ ಅದರಲ್ಲಿ ಮುಳುಗಿಸಿದಾಗ, ತಯಾರಕರು ಹೇಳುವ ಅರ್ಧ ಡಿಗ್ರಿಯ ಮಿತಿಯೊಳಗೇ ಸೊನ್ನೆ ತೋರಿಸಿತು. ಆಗಾಗ ಬರುತ್ತಿದ್ದ 85 ಡಿಗ್ರಿ ಎಂಬ ಅಂಕಿ, ವಿದ್ಯುತ್ ತಪ್ಪಿ ಮರಳಿದಾಗ ಈ ಚಿಪ್ ಕೊಡುವ ಆರಂಭಿಕ ಮೌಲ್ಯವಾದ್ದರಿಂದ ಅದನ್ನು ಕೈಬಿಟ್ಟೆ.

ಬಳಿಕ ಸೆನ್ಸರ್ ಇದ್ದ ಜಾಗಕ್ಕೆ ಕೊಡೆ ಹಿಡಿದು ನಿಂತೆ. ಪಕ್ಕದ ಹರಿವಿನಲ್ಲಿ ನೆರಳು ಮಾಡಿ ಹಿಡಿದ ಥರ್ಮಾಮೀಟರ್ ಕದಲಲಿಲ್ಲ. ಸೆನ್ಸರಿನ ಅಂಕಿ ಮಾತ್ರ ಇಳಿಯಿತು. ತಿಳಿಯಾದ, ಮೊಣಕಾಲುದ್ದವೂ ಇಲ್ಲದ ನೀರಿನ ಮೂಲಕ ಬಿಸಿಲು ನೇರವಾಗಿ ಕಪ್ಪು ಕೇಬಲ್ಲನ್ನೂ ಅದನ್ನು ಕಟ್ಟಿದ್ದ ಕರಿಗಲ್ಲನ್ನೂ ಕಾಯಿಸುತ್ತಿತ್ತು.

ಬಿಳಿ ಪಿವಿಸಿ ಪೈಪಿನ ತುಂಡಿಗೆ ಸುತ್ತಲೂ ತೂತು ಕೊರೆದು, ಗೋಡೆಗೆ ತಾಗದಂತೆ ಸೆನ್ಸರನ್ನು ನಡುವೆ ತೂಗಿಸಿ, ನೀರು ಚೆನ್ನಾಗಿ ಬೆರೆಯುವ ಹರಿವಿನಲ್ಲಿ ಇಟ್ಟ ಮೇಲೆ ಆ ಏರಿಕೆ ಮಾಯವಾಯಿತು. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲ ನೀರು 30ರಲ್ಲಿ ಏಳೂವರೆಯಷ್ಟನ್ನೇ ಹಿಡಿಯುವುದರಿಂದ, ಮೀನುಗಳ ಸ್ಥಿತಿ ಅರಿಯಲು ಈ ಅಂಕಿಗಳು ನಿಖರವಾಗಿರಲೇಬೇಕು.

ದಡದ ನೆರಳಿನಲ್ಲಿ ಗಾಳಿಯ ತಾಪಮಾನಕ್ಕೂ ಒಂದು ಸೆನ್ಸರ್ ಇಡಿ: ಹರಿವು ಇಳಿದು ಪೈಪು ಬಯಲಾದರೆ ಎರಡೂ ರೇಖೆಗಳು ಒಂದಾಗುತ್ತವೆ, ಆ ಅವಧಿಯ ದಾಖಲೆಯನ್ನು ತೆಗೆದುಹಾಕಬಹುದು.