ಕಟ್ಟು ಬಿಚ್ಚಿಸಿ, ಆಮೇಲೆ ಕಳೆಯೋ ಲೆಕ್ಕ ಕೊಡಿ

ಒಂದನೇ ಎರಡನೇ ಕ್ಲಾಸಿನ ಮಕ್ಕಳಿಗೆ ಕೈಗೆ ವಸ್ತು ಕೊಟ್ಟು ಲೆಕ್ಕ ಹೇಳಿಕೊಡಬೇಕು ಅನ್ನೋದು ಈಗ ಎಲ್ರಿಗೂ ಗೊತ್ತು. ಆದ್ರೆ ನಾನು ನೋಡಿದ ಹೆಚ್ಚಿನ ಕಡೆ ಆಗೋದೇನಂದ್ರೆ, ಎರಡು ದಿನ ಕಡ್ಡಿ ಎಣಿಸ್ತಾರೆ, ಮೂರನೇ ದಿನ "ಸಾಕು, ಈಗ ನೋಟ್‌ಬುಕ್ ತೆಗಿ" ಅಂತಾರೆ, ಆಮೇಲೆ 42ರಲ್ಲಿ 17 ಕಳೆ ಅಂದ್ರೆ ಮಗು ನೀಟಾಗಿ 35 ಅಂತ ಬರೆದು ತೋರಿಸತ್ತೆ. 7ರಲ್ಲಿ 2 ಹೋದ್ರೆ 5, 4ರಲ್ಲಿ 1 ಹೋದ್ರೆ 3, ಮುಗೀತು. ಮನೆಯವರು ರೇಗ್ತಾರೆ, ಮಗುಗೆ ಗಮನ ಇಲ್ಲ ಅಂತಾರೆ. ಗಮನ ಇದೆ ರೀ. ಅದಕ್ಕೆ 42 ಅನ್ನೋದು ಒಂದು ನಾಲ್ಕು, ಪಕ್ಕದಲ್ಲಿ ಒಂದು ಎರಡು, ಅಷ್ಟೇ ಆಗಿ ಕಾಣ್ತಿದೆ. ಆ 4 ಅಂದ್ರೆ ನಾಲ್ಕು ಹತ್ತು ಅನ್ನೋದು ಕೈಗೆ ಸಿಕ್ಕಿಲ್ಲ.

ಅದಕ್ಕೇ ಈ ಲೇಖನದ ಹೆಚ್ಚಿನ ಪಾಲು ಕಳೆಯೋ ಲೆಕ್ಕದ್ದೇ. ಉಳಿದದ್ದು ಬೇಗ ಬರತ್ತೆ.

ಮೊದಲು ಸಾಮಾನು

ಒಂದೇ ಥರದ, ಒಂದೇ ಉದ್ದದ ನೂರು ಕಡ್ಡಿ, ಹತ್ತಿಪ್ಪತ್ತು ರಬ್ಬರ್ ಬ್ಯಾಂಡ್, ಮಧ್ಯದಲ್ಲಿ ಒಂದು ಗೆರೆ ಎಳೆದ ದೊಡ್ಡ ಹಾಳೆ. ಹಾಳೆಯ ಎಡಗಡೆ "ಹತ್ತು", ಬಲಗಡೆ "ಬಿಡಿ" ಅಂತ ಬರೀರಿ. ಹತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ್ರೆ ಒಂದು ಕಟ್ಟು, ಅದು ಎಡಗಡೆಗೆ; ಕಟ್ಟದೆ ಉಳಿದ ಒಂಟಿ ಕಡ್ಡಿಗಳು ಬಿಡಿ, ಅವು ಬಲಗಡೆಗೆ. ಇಷ್ಟು ಸಾಕು. ಕಡ್ಡಿ ತುದಿ ಚೂಪಾಗಿದ್ರೆ ಮುರಿದು ಹಾಕಿ, ಮನೇಲಿ ಇನ್ನೂ ಚಿಕ್ಕ ಕೂಸು ಇದ್ರೆ ಮಣಿ, ಬಟನ್ ಥರದ ಸಣ್ಣ ಸಾಮಾನು ಬೇಡವೇ ಬೇಡ, ಬಾಯಿಗೆ ಹಾಕ್ಕೊಳತ್ತೆ.

ಅಂಗಡಿಯಲ್ಲಿ ಕಿಟ್ ಸಿಗತ್ತಲ್ಲ ಅಂತ ಕೇಳ್ತೀರಿ. ಪ್ರಾಣಿ ಆಕಾರದ ಬಣ್ಣಬಣ್ಣದ ಕೌಂಟರ್, ಅಂದ್ರೆ ಎಣಿಸೋ ಗೊಂಬೆ, ತಗೋಬೇಡಿ, ಮಗು ಎಣಿಸೋದು ಬಿಟ್ಟು ಆನೆಯನ್ನ ಕುದುರೆ ಜೊತೆ ಮಾತಾಡಿಸ್ತಾ ಕೂರತ್ತೆ. ಒತ್ತಿದ್ರೆ ಹಾಡೋ ಬ್ಯಾಟರಿ ಆಟಿಕೆಯಲ್ಲಿ ಎಣಿಸೋದು ಆಟಿಕೆ, ಮಗು ಅಲ್ಲ. ಇನ್ನು ಹತ್ತು ತುಂಡು ಅಂಟಿಸಿದ ಹಾಗೆ ಅಚ್ಚು ಹಾಕಿರೋ ಪ್ಲಾಸ್ಟಿಕ್ ಪಟ್ಟಿ ಬರತ್ತೆ, ಅದು ಕೆಟ್ಟ ಸಾಮಾನು ಅಲ್ಲ, ಶಾಲೆಗಳಲ್ಲಿ ಚೆನ್ನಾಗೇ ಉಪಯೋಗ ಆಗತ್ತೆ, ಆದ್ರೆ ಮೊದಲ ಸಲಕ್ಕೆ ಬೇಡ. ಯಾಕಂದ್ರೆ ಅದನ್ನ ಬಿಚ್ಚೋಕೆ ಆಗಲ್ಲ, ಒಂದು ಪಟ್ಟಿ ಕೊಟ್ಟು ಹತ್ತು ಬಿಡಿ ತುಂಡು ಬದಲಾಯಿಸಿಕೊಳ್ಳಬೇಕು, ಆ ಬದಲಾವಣೆಯನ್ನ ಮಗು ನಿಮ್ಮ ಮಾತಿನ ಮೇಲೆ ನಂಬಬೇಕಾಗತ್ತೆ. ಕಡ್ಡಿ ಕಟ್ಟಲ್ಲಿ ನಂಬೋದೇನೂ ಇಲ್ಲ, ಕಟ್ಟಿದ್ದೂ ಅದೇ, ಬಿಚ್ಚೋದೂ ಅದೇ.

ಎಣಿಸೋದು

ಒಂದು ಕಡ್ಡಿ ಮುಟ್ಟಿ, ಪಕ್ಕಕ್ಕೆ ಸರಿಸಿ, ಒಂದು ಸಂಖ್ಯೆ ಹೇಳೋದು. ಬರೀ ಬೆರಳು ತೋರಿಸಿ ಎಣಿಸಿದ್ರೆ ಒಂದನ್ನ ಬಿಡ್ತಾರೆ ಇಲ್ಲಾ ಎರಡು ಸಲ ಎಣಿಸ್ತಾರೆ, ಸರಿಸಿದ್ರೆ ಆ ತೊಂದರೆ ಇಲ್ಲ. ಎಣಿಸಿದ ಮೇಲೆ "ಒಟ್ಟು ಎಷ್ಟು?" ಅಂತ ಕೇಳಿ, ಮಗು ಮತ್ತೆ ಒಂದರಿಂದ ಶುರು ಮಾಡಿದ್ರೆ ಇನ್ನೂ ಕೆಲವು ದಿನ ಇಲ್ಲೇ ಇರಿ.

ಕಟ್ಟು ಕಟ್ಟೋದು

ಕಟ್ಟನ್ನ ನೀವು ಕಟ್ಟಿಡಬೇಡಿ. ಇದೊಂದು ವಿಷಯದಲ್ಲಿ ನಾನು ಹಟಮಾರಿ. ಟೈಮ್ ಉಳಿಸೋಕೆ ಅಂತ ಮುಂಚೆನೇ ಹತ್ತತ್ತರ ಕಟ್ಟು ರೆಡಿ ಮಾಡಿ ಕೊಡ್ತಾರೆ, ಆಗ ಮಗುಗೆ ಕಟ್ಟು ಅಂದ್ರೆ ಒಂದು ದಪ್ಪ ಕಡ್ಡಿ ಅಷ್ಟೇ. ತಾನೇ ಹತ್ತು ಎಣಿಸಿ, ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿ, ಬೆರಳಿಗೆ ಚಟ್ ಅಂತ ಹೊಡೆಸಿಕೊಂಡು ಕಟ್ಟಿದ್ರೆ ಮಾತ್ರ ಒಳಗೆ ಹತ್ತು ಇದೆ ಅನ್ನೋದು ಮನಸ್ಸಲ್ಲಿ ಉಳಿಯತ್ತೆ. ಆಮೇಲೆ ಒಂದು ಹಿಡಿ ಕಡ್ಡಿ ಕೊಟ್ಟು "ಇದ್ರಲ್ಲಿ ಎಷ್ಟು ಕಟ್ಟು, ಎಷ್ಟು ಬಿಡಿ?" ಅಂತ ಕೇಳ್ತಾ ಹೋಗಿ. 34ನ್ನೂ 43ನ್ನೂ ಅಕ್ಕಪಕ್ಕ ಇಡಿಸಿ. 30 ಇಡಿಸೋದು ಮರೀಬೇಡಿ, ಬಿಡಿ ಜಾಗ ಖಾಲಿ ಇದ್ದಾಗ ಅಲ್ಲಿ 0 ಬರೀತೀವಿ ಅನ್ನೋದು ಕಣ್ಣಿಗೆ ಕಾಣಬೇಕು.

ಕೂಡೋದು

ಬಿಡಿ ಜೊತೆ ಬಿಡಿ ಸೇರಿಸಿ, ಹತ್ತಾದ ತಕ್ಷಣ ಕಟ್ಟಿ ಎಡಗಡೆ ಕಳಿಸಿ. ಕಟ್ಟೋದು ಮಕ್ಕಳಿಗೆ ಖುಷಿ, ಇಲ್ಲಿ ಹೆಚ್ಚು ಹೇಳೋದಿಲ್ಲ.

ಕಳೆಯೋದು, ಅಂದ್ರೆ ಬಿಚ್ಚೋದು

ಈಗ ನಿಧಾನ. 42ರಲ್ಲಿ 17 ಕಳೀಬೇಕು ಅಂತಿಟ್ಕೊಳ್ಳಿ. ಹಾಳೆ ಮೇಲೆ 42 ಮಾತ್ರ ಇಡಿಸಿ, ನಾಲ್ಕು ಕಟ್ಟು, ಎರಡು ಬಿಡಿ. 17ನ್ನ ಬೇರೆಯಾಗಿ ಇಡಿಸಬೇಡಿ, ಇದು ತುಂಬಾ ಜನ ಮಾಡೋ ತಪ್ಪು, 17 ಬೇರೆ ಇಟ್ರೆ ಮಗುಗೆ ಎರಡು ಗುಂಪು ಕಾಣತ್ತೆ, ಕೈ ತಾನಾಗೇ ಕೂಡೋಕೆ ಹೋಗತ್ತೆ. 17 ಇರೋದು 42ರ ಒಳಗೇನೆ, ಅದನ್ನ ಅಲ್ಲಿಂದಾನೇ ತೆಗೀಬೇಕು.

"ಏಳು ಬಿಡಿ ಕೊಡು" ಅನ್ನಿ. ಇರೋದು ಎರಡೇ. ಇಲ್ಲಿ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ನಿಜವಾಗ್ಲೂ ಹೇಳ್ತೀನಿ, ಇಡೀ ಪಾಠದಲ್ಲಿ ಇದೇ ಕಷ್ಟದ ಕೆಲಸ, ಮಗು ಹಾಳೆ ನೋಡತ್ತೆ, ನಿಮ್ಮ ಮುಖ ನೋಡತ್ತೆ, ಡಬ್ಬಿಯಿಂದ ಬೇರೆ ಕಡ್ಡಿ ತಗೊಳ್ಲಾ ಅಂತ ಕೇಳತ್ತೆ. "ಹಾಳೆ ಮೇಲೆ ಇರೋದ್ರಲ್ಲೇ ಕೊಡಬೇಕು" ಅಂತ ಅಷ್ಟೇ ಹೇಳಿ. ಸ್ವಲ್ಪ ಹೊತ್ತಿಗೆ ಕೈ ಕಟ್ಟಿನ ಕಡೆ ಹೋಗತ್ತೆ. ಮಗುನೇ ರಬ್ಬರ್ ಬ್ಯಾಂಡ್ ಬಿಚ್ಚಲಿ, ಹತ್ತೂ ಕಡ್ಡಿಯನ್ನ ಗೆರೆ ದಾಟಿಸಿ ಬಿಡಿ ಕಡೆಗೆ ಹಾಕಲಿ.

ತಕ್ಷಣ ಏಳು ತೆಗೆಸಬೇಡಿ. ಮೊದಲು ಕೇಳಿ: "ಈಗ ಹಾಳೆ ಮೇಲೆ ಒಟ್ಟು ಎಷ್ಟಿದೆ?" ಹೆಚ್ಚಿನವರು ಈ ಪ್ರಶ್ನೆನೇ ಕೇಳಲ್ಲ, ನನ್ನ ಪ್ರಕಾರ ಇದೇ ಮುಖ್ಯವಾದ ಪ್ರಶ್ನೆ. ಕೆಲವು ಮಕ್ಕಳು 32 ಅಂತಾರೆ, ಕೆಲವರು ಜಾಸ್ತಿ ಆಯ್ತು ಅಂತಾರೆ. ಹರಡಿದ ತಕ್ಷಣ ಸಂಖ್ಯೆ ಬದಲಾಯ್ತು ಅಂತ ಚಿಕ್ಕ ಮಕ್ಕಳಿಗೆ ಅನಿಸೋದು ಸಹಜ, ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿದ್ದು ಇದನ್ನೇ, ಒಂದು ಸಾಲು ಬಿಲ್ಲೆಗಳನ್ನ ದೂರದೂರ ಇಟ್ರೆ ಸಾಕು, ಪುಟ್ಟ ಮಕ್ಕಳು ಈಗ ಜಾಸ್ತಿ ಇದೆ ಅಂದುಬಿಡ್ತಾರೆ. ಹಾಗಾಗಿ ತಿದ್ದಬೇಡಿ, ಎಣಿಸಲಿ. ಮೂರು ಕಟ್ಟು ಮೂವತ್ತು, ಹನ್ನೆರಡು ಬಿಡಿ, ಮೂವತ್ತೊಂದು, ಮೂವತ್ತೆರಡು ಅಂತ ಹೋಗಿ ಕೊನೆಗೆ 42ಕ್ಕೇ ಬಂದು ನಿಲ್ಲತ್ತೆ. ಏನೂ ಸೇರಲಿಲ್ಲ, ಏನೂ ಹೋಗಲಿಲ್ಲ, ಬರೀ ಬಿಚ್ಚಿದ್ದು. ಬೇಕಾದ್ರೆ ಮತ್ತೆ ಕಟ್ಟಿಸಿ ಮತ್ತೆ ಬಿಚ್ಚಿಸಿ.

ಆಮೇಲೆ ಏಳು ತೆಗೀಲಿ, ಐದು ಉಳಿಯತ್ತೆ. ಒಂದು ಕಟ್ಟು ತೆಗೀಲಿ, ಎರಡು ಉಳಿಯತ್ತೆ. 25.

ಕೆಲವು ಮಕ್ಕಳು ಮೊದಲು ಇದ್ದ ಎರಡು ಬಿಡಿ ಕೊಟ್ಟು, ಆಮೇಲೆ ಕಟ್ಟು ಬಿಚ್ಚಿ ಇನ್ನೈದು ಕೊಡ್ತಾರೆ. ಇನ್ನು ಕೆಲವರು ಮೊದಲು ಒಂದು ಕಟ್ಟು ಕೊಟ್ಟುಬಿಡ್ತಾರೆ. ಎರಡೂ ಸರಿ, ತಡೀಬೇಡಿ.

"ಪಕ್ಕದ ಮನೆಯಿಂದ ಸಾಲ ತಗೋ" ಅನ್ನೋ ಶಾರ್ಟ್‌ಕಟ್ ನನಗೆ ಇಷ್ಟ ಇಲ್ಲ. ಸಾಲ ಅಂದ ಮೇಲೆ ವಾಪಸ್ ಯಾವಾಗ ಕೊಡೋದು ಅಂತ ಮಗು ಕೇಳತ್ತೆ, ಕೇಳಲೇಬೇಕು. ಜೊತೆಗೆ 2ರ ತಲೆ ಮೇಲೆ ಒಂದು ಪುಟ್ಟ 1 ಹಾಕು ಅಂತೀವಿ, ಆ 1 ಹತ್ತು ಅಂತ ಗೊತ್ತಿಲ್ದೇ ಹಾಕ್ತಾ ಹೋಗತ್ತೆ, ಒಂದಿನ ಬೇಡದ ಕಡೆನೂ ಹಾಕತ್ತೆ. "ಕಟ್ಟು ಬಿಚ್ಚು" ಅನ್ನಿ, ಕೈ ಮಾಡಿದ್ದನ್ನೇ ಬಾಯಿ ಹೇಳಲಿ.

ಪೇಪರ್‌ಗೆ ಬರೋದು

ಕಡ್ಡಿಯಿಂದ ನೇರ ಅಂಕಿಗೆ ಹಾರಬೇಡಿ. ಮಧ್ಯೆ ಚಿತ್ರ ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲೇ ಮೊದಲು ಕೈಕೆಲಸ, ಆಮೇಲೆ ಚಿತ್ರ, ಆಮೇಲೆ ಚಿಹ್ನೆ ಅಂತ ಮೂರು ಮೆಟ್ಟಿಲು ಹೇಳಿದ್ದು ಇವತ್ತಿಗೂ ನಡೀತಿದೆ. ಕಟ್ಟಿಗೆ ಒಂದು ಉದ್ದ ಗೆರೆ, ಬಿಡಿಗೆ ಒಂದು ಚುಕ್ಕಿ. ಕಟ್ಟು ಬಿಚ್ಚಿದಾಗ ಗೆರೆ ಹೊಡೆದು ಹಾಕಿ ಹತ್ತು ಚುಕ್ಕಿ ಇಡೋದು.

ಅಂಕಿ ಬರೆಯೋವಾಗ ಒಬ್ಬರು ಕಡ್ಡಿ ಆಡಿಸಿ, ಇನ್ನೊಬ್ಬರು ಬರೀರಿ. ಕಟ್ಟು ಬಿಚ್ಚಿದ ಕ್ಷಣಕ್ಕೇ 4 ಹೊಡೆದು 3 ಬರೆಯೋದು, 2 ಹೊಡೆದು ಪೂರ್ತಿ 12 ಬರೆಯೋದು. ಮೊದಲು ಕಡ್ಡಿಯಲ್ಲಿ ಎಲ್ಲಾ ಮುಗಿಸಿ ಕೊನೆಗೆ ಉತ್ತರ ಮಾತ್ರ ಕಾಪಿ ಮಾಡಿದ್ರೆ ಕಡ್ಡಿ ಒಂದು ಕಡೆ, ಪೇಪರ್ ಒಂದು ಕಡೆ, ಎರಡಕ್ಕೂ ಸಂಬಂಧನೇ ಬೆಳೆಯಲ್ಲ.

ದಿನಕ್ಕೆ ಮೂರ್ನಾಲ್ಕು ಲೆಕ್ಕ ಸಾಕು, ಕಾಲು ಗಂಟೆ ಮೇಲೆ ಎಳೀಬೇಡಿ. ಬಿಚ್ಚಬೇಕಾದ್ದು, ಬಿಚ್ಚಬೇಕಿಲ್ಲದ್ದು ಎರಡನ್ನೂ ಕಲಸಿ ಕೊಡಿ. 46ರಲ್ಲಿ 13 ಕಳೆಯೋಕೂ ಕಟ್ಟು ಬಿಚ್ಚೋಕೆ ಹೊರಟ್ರೆ ಮಗು ಯೋಚನೆ ಮಾಡ್ತಿಲ್ಲ, ಅಭ್ಯಾಸಬಲದ ಮೇಲೆ ಮಾಡ್ತಿದೆ ಅಂತ ಗೊತ್ತಾಗತ್ತೆ.

ಕಡ್ಡಿ ಯಾವಾಗ ಬಿಡೋದು ಅಂತ ಎಲ್ರೂ ಕೇಳ್ತಾರೆ. ನೀವು ಬಿಡಿಸಬೇಡಿ. 53ರಲ್ಲಿ 28 ಕಳೆ ಅಂದಾಗ ಮಗು ಡಬ್ಬಿ ತೆರೆಯದೇನೇ "ಒಂದು ಕಟ್ಟು ಬಿಚ್ಚಬೇಕು, ಆಗ ಹದಿಮೂರು ಆಗತ್ತೆ" ಅಂತ ಹೇಳಿ ಬರೆಯೋಕೆ ಶುರು ಮಾಡತ್ತೆ, ಅವತ್ತು ಸಾಕು. ಆದ್ರೂ ಡಬ್ಬಿ ಎತ್ತಿಡಬೇಡಿ, 100ರಲ್ಲಿ 36 ಕಳೆಯೋ ಲೆಕ್ಕ ಬಂದಾಗ ಮತ್ತೆ ಬೇಕು. ಹತ್ತು ಕಟ್ಟು ಸೇರಿಸಿ ದೊಡ್ಡ ರಬ್ಬರ್ ಬ್ಯಾಂಡಲ್ಲಿ ಒಂದು ನೂರರ ಕಟ್ಟು ಮಾಡಿಸಿ, ಆರು ಬಿಡಿ ಕೇಳಿ. ಮೊದಲು ದೊಡ್ಡದನ್ನ ಬಿಚ್ಚಬೇಕು, ಆಮೇಲೆ ಅದರಲ್ಲಿ ಒಂದು ಚಿಕ್ಕದನ್ನ. ಒಂಬತ್ತು ಕಟ್ಟು, ಹತ್ತು ಬಿಡಿ. ಪೇಪರ್ ಮೇಲೆ ಆ 9 ಎಲ್ಲಿಂದ ಬಂತು ಅಂತ ಆಗ ಯಾರೂ ಹೇಳಿಕೊಡಬೇಕಾಗಿಲ್ಲ.