ವೃಷಭಾವತಿ ದಡದ ಹರಳೆಲೆ: ನಾವು ಪರೀಕ್ಷೆ ಮಾಡಿದ ಬಗೆ

ವಿಷದ ನೆಲದಲ್ಲಿ ಬೆಳೆದ ಗಿಡ ಬಾಡಿರುತ್ತದೆ, ಎಲೆ ಹಳದಿಯಾಗಿರುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಅಂಥವರು ಒಮ್ಮೆ ಬೆಂಗಳೂರಿನ ಕೆಂಗೇರಿ ಕಡೆ, ಕೊಳಚೆ ಹರಿಯುವ ವೃಷಭಾವತಿ ನದಿಯ ದಡಕ್ಕೆ ಹೋಗಿ ನೋಡಬೇಕು. ಆಳೆತ್ತರದ ಹರಳು ಗಿಡಗಳು, ಊಟದ ತಟ್ಟೆಯಷ್ಟು ಅಗಲದ ಎಲೆಗಳು, ಎಲ್ಲ ಕಡು ಹಸಿರು. ಕೊಳಚೆ ನೀರಿನಲ್ಲಿ ಸಾರಜನಕ, ರಂಜಕ ಬೇಕಾದಷ್ಟಿರುತ್ತದೆ, ಅದೇ ಗೊಬ್ಬರ. ಕಾರ್ಖಾನೆಗಳಿಂದ ಬಂದ ಲೋಹಗಳೂ ಅದೇ ನೀರಿನಲ್ಲೇ ಇರುತ್ತವೆ, ಅವು ಕಣ್ಣಿಗೆ ಕಾಣೋದಿಲ್ಲ ಅಷ್ಟೇ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಎಲೆಯಲ್ಲಿ ಎಷ್ಟು ಲೋಹ ಸೇರಿದೆ ಅಂತ ಅಳೆಯುವ ಕೆಲಸವನ್ನು ಮಕ್ಕಳ ಜೊತೆ ಶುರು ಮಾಡಿದಾಗ ಹರಳನ್ನೇ ಆರಿಸಿಕೊಂಡೆ. ಯಾಕೆಂದರೆ ಅದು ಬೆಂಗಳೂರಿನ ಪ್ರತಿ ಮೋರಿ ಬದಿಯಲ್ಲೂ ತಾನಾಗೇ ಬೆಳೆಯುತ್ತದೆ, ಲೋಹವನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ನದಿ ದಡದ ಮತ್ತು ಮೈಸೂರು ರಸ್ತೆ ಬದಿಯ ಎಲೆಗಳ ಜೊತೆ ಹೋಲಿಸೋಕೆ ಜಿಕೆವಿಕೆ (ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ) ಆವರಣದಿಂದ, ರಸ್ತೆಗೆ ದೂರ ಇರುವ ಗಿಡಗಳ ಎಲೆ ತಂದೆವು.

ಎಲೆ ಕೀಳೋದರಲ್ಲೇ ಅರ್ಧ ಕೆಲಸ ಇದೆ. ಹಳೇ ಎಲೆಯಲ್ಲಿ ಲೋಹ ಜಾಸ್ತಿ ಕೂಡಿಕೊಂಡಿರಬಹುದು, ಹಾಗಾಗಿ ಎಲ್ಲ ಗಿಡದಲ್ಲೂ ತುದಿಯಿಂದ ಮೂರನೇ ಬಿಚ್ಚಿದ ಎಲೆಯನ್ನೇ ತೆಗೆದೆವು. ಅದರ ಬುಡದ ಮಣ್ಣನ್ನೂ ತಂದೆವು. ಮಣ್ಣಿನ ಲೆಕ್ಕ ಇಲ್ಲದೆ ಎಲೆಯ ಲೆಕ್ಕ ಸುಮ್ನೆ.

ಆಮೇಲೆ ಎಲೆಗಳನ್ನು ಎರಡು ಪಾಲು ಮಾಡಿ, ಒಂದನ್ನು ನಲ್ಲಿ ನೀರಿನಲ್ಲಿ, ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದೆವು, ಇನ್ನೊಂದನ್ನು ಹಾಗೇ ಬಿಟ್ಟೆವು. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಈ ಹಂತವೇ. ಮೈಸೂರು ರಸ್ತೆ ಬದಿಯ ಎಲೆಯಲ್ಲಿದ್ದ ಸೀಸ ತೊಳೆದ ಮೇಲೆ ಬಹಳ ಇಳಿಯಿತು, ಅಂದರೆ ಅದರಲ್ಲಿ ಹೆಚ್ಚಿನ ಪಾಲು ಧೂಳಿನದ್ದು. ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ 2000ದಲ್ಲೇ ನಿಂತಿತು, ಆದರೆ ಸೀಸ ಕೊಳೆತು ಹೋಗುವ ವಸ್ತುವಲ್ಲ, ರಸ್ತೆ ಬದಿಯ ಮಣ್ಣಿನಲ್ಲೇ ಕೂತಿರುತ್ತದೆ. ಬೇರು ಹೀರಿದ ಸೀಸ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ. ಕ್ಯಾಡ್ಮಿಯಂ, ಸತು ಹಾಗಲ್ಲ, ಅವು ಸುಲಭವಾಗಿ ಎಲೆಗೆ ಏರುತ್ತವೆ. ನದಿ ದಡದ ಎಲೆಯಲ್ಲಿ ಕ್ಯಾಡ್ಮಿಯಂ ತೊಳೆದರೂ ಅಷ್ಟೇ ಇತ್ತು.

ಒಣಗಿದ ಎಲೆಯನ್ನು ಮಿಕ್ಸಿಗೆ ಮಾತ್ರ ಹಾಕಬೇಡಿ. ಸ್ಟೀಲ್ ಬ್ಲೇಡಿನಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತದೆ, ಪುಡಿಗೆ ಸೇರಿಬಿಡುತ್ತದೆ. ಪಿಂಗಾಣಿ ಕುಟ್ಟಾಣಿಯಲ್ಲಿ ಅರೆಯಿರಿ. ಮುಂದಿನದ್ದು, ಅಂದರೆ ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ ಯಂತ್ರದಲ್ಲಿ ಅಳೆಯೋದು, ಲ್ಯಾಬಿನಲ್ಲೇ ಆಗಬೇಕು. ಆಸಿಡ್‌ನಲ್ಲೇ ಲೋಹ ಇದ್ದರೆ ಗೊತ್ತಾಗಲಿ ಅಂತ, ಎಲೆ ಇಲ್ಲದ ಬರೀ ಆಸಿಡ್ ಅನ್ನೂ ಜೊತೆಗೆ ಅಳೆಯೋದು ಮರೆಯಬಾರದು.

ಎಲೆಯ ಒಳಗೆ ಏನಾಗಿದೆ ಅಂತ ನೋಡೋಕೆ ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತನ್ನು 80% ಅಸಿಟೋನ್‌ನಲ್ಲಿ ಇಳಿಸಿ 663 ಮತ್ತು 645 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆದೆವು. ಪತ್ರಹರಿತ್ತು ತಯಾರಾಗುವ ಹಾದಿಯಲ್ಲೇ ಒಂದು ಕಿಣ್ವವನ್ನು ಸೀಸ ಕಟ್ಟಿಹಾಕುತ್ತದೆ. ಅಣುವಿನ ನಡುವಿನ ಮೆಗ್ನೀಸಿಯಂ ಜಾಗಕ್ಕೆ ಕ್ಯಾಡ್ಮಿಯಂನಂಥ ಲೋಹ ಬಂದು ಕೂರಬಹುದು. ಸತು, ನಿಕ್ಕಲ್ ಜಾಸ್ತಿಯಾದರೆ ಕಬ್ಬಿಣ ಸಿಗದಂತಾಗಿ, ನರ ಹಸಿರಾಗೇ ಇದ್ದು ನಡುವೆ ಹಳದಿಯಾಗುತ್ತದೆ, ಅದೂ ಎಳೇ ಎಲೆಯಲ್ಲಿ ಮೊದಲು. ಆದರೆ ಮಣ್ಣಿನಲ್ಲಿ ಬರೀ ಕಬ್ಬಿಣದ ಕೊರತೆ ಇದ್ದರೂ ಹೀಗೇ ಆಗುತ್ತದೆ. ಹಾಗಾಗಿ ಹಳದಿಯನ್ನೂ ಹಸಿರನ್ನೂ ಬಣ್ಣ ನೋಡಿ ತೀರ್ಮಾನಿಸೋಕೆ ಆಗೋದಿಲ್ಲ.

ಹರಳೆಲೆಯನ್ನು ನಾವ್ಯಾರೂ ತಿನ್ನೋದಿಲ್ಲ ನಿಜ. ಹೊನಗೊನ್ನೆ, ಗಣಿಕೆ, ಕೀರೆ ತಿನ್ನುತ್ತೇವೆ ಅಲ್ವಾ? ಕೆರೆ ಏರಿಯಲ್ಲಿ ಕಿತ್ತು ಬೆರಕೆ ಸೊಪ್ಪು ಮಾರುವ ಅಜ್ಜಿಯೊಬ್ಬರು "ನೋಡವ್ವ, ಎಷ್ಟು ಎಳೇದಾಗೈತೆ" ಅಂದರು. ಎಲ್ಲಿ ಕಿತ್ತಿದ್ದು ಅಜ್ಜಿ ಅಂತ ಕೇಳಿದರೆ, ಕೊಳಚೆ ಬಂದು ಸೇರುವ ಮೂಲೆಯನ್ನೇ ತೋರಿಸಿದರು. ಸೊಪ್ಪಿನಲ್ಲಿ ಕ್ಯಾಡ್ಮಿಯಂಗೆ ಕೋಡೆಕ್ಸ್ (ಆಹಾರದ ಗುಣಮಟ್ಟ ಗೊತ್ತುಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಇಟ್ಟಿರುವ ಮಿತಿ ಕಿಲೋಗೆ 0.2 ಮಿಲಿಗ್ರಾಂ. ಬೇಯಿಸಿದರೆ ಲೋಹ ನಾಶವಾಗೋದಿಲ್ಲ. ಮಳೆ ನೀರಲ್ಲೇ ಬೆಳೆಯುವ ಹೊಲದ ಬದುವಿನ ಸೊಪ್ಪು ಕೀಳಿ ಅಂತ ಅವರಿಗೆ ಹೇಳಿದೆ. ಈಗ ಹೊನಗೊನ್ನೆಯನ್ನೇ ಇದೇ ರೀತಿ, ತೊಳೆದದ್ದು ಬೇರೆ ತೊಳೆಯದ್ದು ಬೇರೆ ಮಾಡಿ, ಒಣಗಿಸುತ್ತಿದ್ದೇವೆ.